ಲಂಗರು ಹಾಕಿದ ಹಡಗಿನ ಭಾಗಾಕಾರ

5,000 ಗ್ರಾಸ್ ಟನ್ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ಮೇಲ್ಪಟ್ಟ ಹಡಗುಗಳಿಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2023ರಿಂದ ಇಂಗಾಲದ ಹೊರಸೂಸುವಿಕೆಗೆ ಎ (ಅತ್ಯುತ್ತಮ) ಯಿಂದ ಇ (ಅತಿ ಕಳಪೆ) ವರೆಗಿನ ದರ್ಜೆಯನ್ನು ಜಾರಿಗೆ ತಂದಿದೆ. ಸಿಐಐ (ಕಾರ್ಬನ್ ಇಂಟೆನ್ಸಿಟಿ ಇಂಡಿಕೇಟರ್) ಎಂದು ಕರೆಯುವ ಈ ಲೆಕ್ಕ, ಸರಕು ಹಡಗಿನ ಮಟ್ಟಿಗೆ, ಒಂದು ಸರಳ ಭಾಗಾಕಾರ: ವರ್ಷವಿಡೀ ಉಗುಳಿದ ಇಂಗಾಲದ ಡೈಆಕ್ಸೈಡನ್ನು, ಹೊರಬಲ್ಲ ಗರಿಷ್ಠ ತೂಕ ಮತ್ತು ಕ್ರಮಿಸಿದ ದೂರ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಒಂದು ವರ್ಷ ಇ ಬಂದರೆ, ಅಥವಾ ಸತತ ಮೂರು ವರ್ಷ ಡಿ ಬಂದರೆ, ಸುಧಾರಣಾ ಯೋಜನೆಯನ್ನು ಒಪ್ಪಿಸಬೇಕಾಗುತ್ತದೆ. ಹಡಗುಗಳ ಇಂಧನದ ಅಂಕಿಗಳ ನಡುವೆಯೇ ದಿನ ಕಳೆಯುವ ನನಗೆ ಈ ಭಾಗಾಕಾರದ ಛೇದದ ಬಗ್ಗೆ ತಕರಾರಿದೆ.

80,000 ಟನ್ ಸಾಮರ್ಥ್ಯದ ಹಡಗೊಂದು 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದಲ್ಲಿ ದಿನಕ್ಕೆ 25 ಟನ್ ಎಣ್ಣೆ ಸುಡುತ್ತಾ 20 ದಿನ ಸಾಗಿತೆಂದು ಇಟ್ಟುಕೊಳ್ಳೋಣ. ಭಾರೀ ಎಣ್ಣೆಯ ಒಂದು ಟನ್‌ಗೆ 3.114 ಟನ್ ಇಂಗಾಲದ ಡೈಆಕ್ಸೈಡ್ ಎಂಬ ಅಧಿಕೃತ ಗುಣಕವನ್ನು ಹಿಡಿದರೆ, ಪ್ರತಿ ಟನ್-ಮೈಲಿಗೆ ಸುಮಾರು 3.38 ಗ್ರಾಂ ಬರುತ್ತದೆ. ಈಗ ಅದೇ ಹಡಗು ಬಂದರಿನಲ್ಲಿ ಜಾಗ ಸಿಗದೆ ಹತ್ತು ದಿನ ಲಂಗರು ಹಾಕಿ, ಜನರೇಟರು ಮತ್ತು ಬಾಯ್ಲರಿಗಾಗಿ ದಿನಕ್ಕೆ ಮೂರು ಟನ್ ಸುಟ್ಟರೆ, ಕ್ರಮಿಸಿದ ದೂರ ಒಂದಿಷ್ಟೂ ಹೆಚ್ಚದೆ ಅಂಕಿ ಮಾತ್ರ 3.58ಕ್ಕೆ ಏರುತ್ತದೆ, ಅಂದರೆ ಶೇ 6ರಷ್ಟು ಹೆಚ್ಚಳ. 2019ರ ಮಟ್ಟಕ್ಕೆ ಹೋಲಿಸಿ ಇಳಿಸಬೇಕಾದ ಪ್ರಮಾಣ 2023ರಲ್ಲಿ ಶೇ 5 ಇದ್ದದ್ದು 2026ಕ್ಕೆ ಶೇ 11 ಆಗಿದೆ. ಮೂರು ವರ್ಷಗಳ ಬಿಗಿಯನ್ನು ಆ ಹತ್ತು ದಿನಗಳ ಕಾಯುವಿಕೆ ಒಬ್ಬಂಟಿಯಾಗಿ ನುಂಗಿಬಿಡುತ್ತದೆ. ಪಣಂಬೂರಿನ ದಡದಲ್ಲಿ ನಿಂತು ದೂರದಲ್ಲಿ ಮಿನುಗುವ ಹಡಗುಗಳ ದೀಪಗಳನ್ನು ನೋಡುವಾಗ ನನ್ನ ಮನಸ್ಸಿನಲ್ಲಿ ಈಗೀಗ ಓಡುವುದು ಈ ಲೆಕ್ಕವೇ.

ಇನ್ನೂ ವಿಚಿತ್ರವೆಂದರೆ, ಛೇದದಲ್ಲಿರುವುದು ಹೊರಬಲ್ಲ ತೂಕವೇ ಹೊರತು ಹೊತ್ತ ತೂಕವಲ್ಲ. ಖಾಲಿ ಹಡಗು ನೀರಿನಲ್ಲಿ ಕಡಿಮೆ ಮುಳುಗಿ, ಕಡಿಮೆ ಎಣ್ಣೆ ಸುಟ್ಟು, ತುಂಬಿದ ಹಡಗಿಗಿಂತ ಒಳ್ಳೆಯ ಅಂಕ ಗಳಿಸುತ್ತದೆ.

ಲಂಗರಿನಿಂದಾಗುವ ನಷ್ಟ ಅಲ್ಲಿಗೇ ಮುಗಿಯುವುದೂ ಇಲ್ಲ. ಬೆಚ್ಚನೆಯ ನೀರಿನಲ್ಲಿ ಕದಲದೆ ನಿಂತ ಹಡಗಿನ ತಳಕ್ಕೆ ಮೊದಲು ಲೋಳೆ, ಆಮೇಲೆ ಪಾಚಿ, ಕೊನೆಗೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಪುಟ್ಟ ಕಡಲಜೀವಿಗಳು ಅಂಟಿಕೊಳ್ಳುತ್ತವೆ. ಒರಟು ಮೈ ನೀರನ್ನು ಎಷ್ಟು ಹಿಡಿದೆಳೆಯುತ್ತದೆ ಎಂಬುದನ್ನು ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿಯೇ ಇಂಗ್ಲೆಂಡಿನ ಟಾರ್ಕೀಯ ತನ್ನ ತೊಟ್ಟಿಯಲ್ಲಿ, ವಾರ್ನಿಶ್, ಬಟ್ಟೆ, ಮರಳು ಮುಂತಾದವನ್ನು ಮೆತ್ತಿದ ಹಲಗೆಗಳನ್ನು ಎಳೆದು ಅಳೆದಿದ್ದ. ತೊಟ್ಟಿಯಲ್ಲಿ ಸುಲಭವಾದ ಆ ಅಳತೆ ಕಡಲಿನಲ್ಲಿ ಕಷ್ಟ. ಪ್ರತಿದಿನ ಮಧ್ಯಾಹ್ನ ಹಡಗಿನಿಂದ ಬರುವ ನೂನ್ ರಿಪೋರ್ಟಿನಲ್ಲಿ ಇಡೀ ದಿನಕ್ಕೆ ಒಂದೇ ಸಾಲು. ಗಾಳಿಯ ಬಲ ಬಹುಪಾಲು ಕಣ್ಣಂದಾಜು. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವಾದರೆ, ಎಂಜಿನ್ ದುಡಿಯುವುದು ನೀರಿಗೆ ಎದುರಾಗಿ. ಎಂಜಿನ್ನಿನ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 12 ನಾಟ್ ಹಡಗಿಗೆ ಗಮನಕ್ಕೆ ಬಾರದ ಒಂದು ನಾಟ್ ಪ್ರವಾಹ ಎದುರಾದರೂ ಲೆಕ್ಕ ಕಾಲು ಭಾಗದಷ್ಟು ತಪ್ಪಬಹುದು. ಚೊಕ್ಕವಾಗಿರುವ ತಳ ಕೊಳಕಾಗಿ ಕಾಣುತ್ತದೆ. ಕೊಳಕು ತಳ ಅನುಕೂಲ ಪ್ರವಾಹದಲ್ಲಿ ಹೊಸದರಂತೆ ತೋರುತ್ತದೆ.

ಹಡಗಿನ ತಳ ಮತ್ತು ಪ್ರೊಪೆಲರಿನ ಸ್ಥಿತಿಯನ್ನು ಅಳೆಯಲು 2016ರಲ್ಲಿ ಬಂದ ಐಎಸ್‌ಒ 19030 ಮಾನದಂಡ ನನಗೆ ಹಿಡಿಸುವುದು ಈ ಕಾರಣಕ್ಕೆ. ಅದು ಒಂದು ಹಡಗನ್ನು ಬೇರೊಂದರ ಜೊತೆ ನಿಲ್ಲಿಸಿ ದರ್ಜೆ ಕೊಡುವುದಿಲ್ಲ. ಅದೇ ಹಡಗನ್ನು ಡ್ರೈ ಡಾಕಿನಿಂದ (ನೀರು ಬಸಿದು ಹಡಗನ್ನು ದುರಸ್ತಿ ಮಾಡುವ ಕಟ್ಟೆಯಿಂದ) ಹೊರಬಂದ ದಿನಗಳ ಅದರದ್ದೇ ಸ್ಥಿತಿಗೆ ಹೋಲಿಸಿ, ಅಷ್ಟೇ ಶಕ್ತಿಗೆ ಈಗ ಎಷ್ಟು ವೇಗ ಕಳೆದುಕೊಂಡಿದೆ ಎಂದು ಕೇಳುತ್ತದೆ. ಉತ್ತರ ಸಿಕ್ಕಾಗ ಮಾಡಬೇಕಾದ ಕೆಲಸವೂ ಸ್ಪಷ್ಟ: ತಳ ಉಜ್ಜಿಸಬೇಕು, ಪ್ರೊಪೆಲರ್ ಹೊಳಪಿಸಬೇಕು.

ನನ್ನ ಹಾಳೆಗಳಲ್ಲಿ ನಾನೀಗ ಲಂಗರಿನ ಗಂಟೆಗಳಿಗೂ ಅಲ್ಲಿ ಸುಟ್ಟ ಎಣ್ಣೆಗೂ ಬೇರೆಯೇ ಕಾಲಂ ಇಟ್ಟಿದ್ದೇನೆ. ವರ್ಷದ ಕೊನೆಗೆ ಅಧಿಕೃತ ಅಂಕಿಯನ್ನು ಸಿದ್ಧಪಡಿಸುವಾಗ ಅವನ್ನು ಮತ್ತೆ ಒಟ್ಟಿಗೆ ಕೂಡಿಸುತ್ತೇನೆ.