ಸೌಟಿನ ಲೆಕ್ಕ

ಪೋಷಣೆ ಮತ್ತು ಆರೋಗ್ಯದ ವಿಷಯ ಅಂದರೆ ವಿಟಮಿನ್‌ಗಳ ಬಾಯಿಪಾಠ ಅಂದುಕೊಂಡೇ ಆ ವರ್ಷ ಕೋರ್ಸಿಗೆ ಎಲ್ಲರೂ ಸೇರಿದ್ದು. ಮೊದಲ ಪ್ರಾಕ್ಟಿಕಲ್ ದಿನ ಮೇಜಿನ ಮೇಲಿದ್ದದ್ದು ಮಾತ್ರ ಒಂದು ತಕ್ಕಡಿ, ಚಹಾದ ಲೋಟ, ಮನೆಮನೆಯಿಂದ ತಂದ ಸೌಟುಗಳು. ಒಂದೊಂದು ಸೌಟಿಗೂ ಅನ್ನ ತುಂಬಿ ತೂಗಿದರೆ ಒಂದರ ತೂಕ ಇನ್ನೊಂದಕ್ಕಿಲ್ಲ. ‘ಎರಡು ಸೌಟು ಅನ್ನ’ ಎಂದು ಬರೆದುಕೊಂಡರೆ ಏನೂ ಬರೆದ ಹಾಗಾಗಲಿಲ್ಲ ಎಂಬುದು ಅಲ್ಲೇ ಗೊತ್ತಾಯಿತು.

ಕೋರ್ಸಿನ ಜೀವಾಳ 24 ಗಂಟೆಯ ಆಹಾರದ ಲೆಕ್ಕ. ಕಾರವಾರದ ಸುತ್ತಿನ ಮನೆಗಳಲ್ಲಿ ಕೂತು, ನಿನ್ನೆ ಎದ್ದಾಗಿನಿಂದ ಇವತ್ತು ಏಳುವವರೆಗೆ ತಿಂದದ್ದು ಕುಡಿದದ್ದನ್ನೆಲ್ಲ ಕೇಳಿ ಬರೆಯಬೇಕು. ‘ಊಟಕ್ಕೆ ಏನಿತ್ತು?’ ಎಂದು ಶುರುಮಾಡಿದರೆ ಕೆಟ್ಟಿತು. ಪೇಜ್ (ಗಂಜಿ), ಮೀನ್‌ಸಾರು ಅಂದು ಮುಗಿಸಿಬಿಡುತ್ತಾರೆ. ಮೊದಲ ಸುತ್ತಿನಲ್ಲಿ ಅವರಷ್ಟಕ್ಕೆ ಹೇಳಲು ಬಿಡಬೇಕು. ಎರಡನೆಯದರಲ್ಲಿ ಹೊತ್ತು ಹಿಡಿದು ಕೇಳಬೇಕು. ಮೂರನೆಯದರಲ್ಲಿ ಅವರದೇ ಲೋಟ, ಬಟ್ಟಲು ತರಿಸಿ, ನೀರು ತುಂಬಿ ಅಳೆಯಬೇಕು. ಚಹಾದ ಸಕ್ಕರೆ, ಸಂಜೆಯ ಶೇವು, ಮಗು ಬಿಟ್ಟದ್ದನ್ನು ತಾಯಿ ತಿಂದದ್ದು, ಇವೆಲ್ಲ ಹೊರಬರುವುದು ಎರಡನೇ ಸುತ್ತಿನ ನಂತರವೇ.

ಅತಿ ದೊಡ್ಡ ತಪ್ಪು ಅನ್ನದ್ದು. ಪೋಷಕಾಂಶಗಳ ಕೋಷ್ಟಕದಲ್ಲಿರುವುದು ಹಸಿ ಅಕ್ಕಿ, 100 ಗ್ರಾಂಗೆ ಸುಮಾರು 350 ಕಿಲೋಕ್ಯಾಲರಿ. ಬೆಂದಾಗ ಅದರ ತೂಕ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. 300 ಗ್ರಾಂ ಅನ್ನ ಉಂಡವರ ಲೆಕ್ಕವನ್ನು ಅಕ್ಕಿಯ ಸಾಲಿನಿಂದಲೇ ಹಾಕಿದರೆ 1050 ಬರುತ್ತದೆ. ಅವರಿಗೆ ನಿಜಕ್ಕೂ ಸಿಕ್ಕಿದ್ದು 350ರಿಂದ 420. ಗಂಜಿಯಾದರೆ ನೀರೂ ಸೇರಿ ಇನ್ನೂ ಎಡವಟ್ಟು. ದಾರಿ ಒಂದೇ: ಅಕ್ಕಿ ತೊಳೆಯುವ ಮೊದಲು ತೂಗು, ಬೆಂದ ಮೇಲೆ ಪಾತ್ರೆಯ ತೂಕ ಕಳೆದು ತೂಗು, ಬಡಿಸಿದ್ದನ್ನು ಮತ್ತೆ ತೂಗು. 500 ಗ್ರಾಂ ಅಕ್ಕಿ 1400 ಗ್ರಾಂ ಅನ್ನವಾಗಿ, ಒಬ್ಬರು 280 ಗ್ರಾಂ ಉಂಡರೆ ಅವರ ಪಾಲು 100 ಗ್ರಾಂ ಅಕ್ಕಿ.

ಬಂಗಡೆಗೆ ಉಪಾಯ ಬೇರೆ. ಊಟವಾದ ಮೇಲೆ ತಟ್ಟೆಯಲ್ಲುಳಿದ ತಲೆ, ಮುಳ್ಳು ತೂಗಿ ಕಳೆಯಬೇಕು. ಮುಜುಗರದ ಕೆಲಸ, ಆದರೆ ಇದನ್ನು ಬಿಟ್ಟರೆ ಪ್ರೋಟೀನ್ ಸುಮ್ಮನೆ ಉಬ್ಬುತ್ತದೆ. ಅರೆದ ತೆಂಗಿನಕಾಯಿಯನ್ನು ಕಡಿ (ಅರ್ಧ ಹೋಳು) ಲೆಕ್ಕದಲ್ಲಿ ಕೇಳಿದರೆ ಸರಿಯಾಗಿ ಹೇಳುತ್ತಾರೆ. ರಾತ್ರಿಗೆ ಉಳಿದ ಸಾರನ್ನು ಕಳೆಯಲು ಮರೆಯಬಾರದು.

ಉಪ್ಪನ್ನು ಯಾರೂ ಅಳೆದು ಹಾಕುವುದಿಲ್ಲ. ಅದಕ್ಕೆ ಪ್ಯಾಕೆಟ್ಟಿನ ಲೆಕ್ಕ: ನಾಲ್ವರ ಮನೆಯಲ್ಲಿ ಒಂದು ಕಿಲೋ 25 ದಿನ ಬಂದರೆ ತಲೆಗೆ ದಿನಕ್ಕೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಒಣಮೀನು, ಮಿಡಿ ಉಪ್ಪಿನಕಾಯಿ ಈ ಲೆಕ್ಕದ ಹೊರಗೇ ಉಳಿಯುತ್ತವೆ. ‘ನಮ್ಮದು ಸಮುದ್ರದ ಉಪ್ಪು, ಅಯೋಡಿನ್ ಇದ್ದೇ ಇರ್ತದೆ’ ಎಂಬ ಮಾತು ಕರಾವಳಿಯಲ್ಲಿ ಬೇಕಾದಷ್ಟು ಕೇಳಿಸುತ್ತದೆ. ಬರೀ ಕಲ್ಲುಪ್ಪಿನ ಮೇಲೆ ಪರೀಕ್ಷಾ ದ್ರಾವಣದ ಹನಿ ಬಿಟ್ಟರೆ ಬಣ್ಣವೇ ಬರುವುದಿಲ್ಲ. ಅಯೋಡಿನ್ ಬೆರೆಸಿದ್ದರ ಮೇಲೆ ನೇರಳೆಯಾಗುತ್ತದೆ.

ಥಿಯರಿಯಲ್ಲಿ ಮನಸ್ಸಿನಲ್ಲಿ ಉಳಿದದ್ದು ಕುಚ್ಚಲಕ್ಕಿಯ ಪಾಠ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಗಮನಿಸಿದ. ಅದೇ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಆ ಕೋಳಿಗಳಿಗೆ ಕೊರತೆಯಾದದ್ದು ಪಾಲಿಶ್ ಮಾಡುವಾಗ ತೌಡಿನ ಜೊತೆ ಹೋಗುವ ಬಿ1 ವಿಟಮಿನ್. ಕುಚ್ಚಲಕ್ಕಿಗೆಂದು ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ1 ವಿಟಮಿನ್ ಕಾಳಿನೊಳಕ್ಕೆ ಇಳಿಯುತ್ತದೆ, ಆಮೇಲೆ ಪಾಲಿಶ್ ಮಾಡಿದರೂ ಸಾಕಷ್ಟು ಉಳಿಯುತ್ತದೆ. ಬಸಿದ ತೆಳಿ ಕೊಟ್ಟಿಗೆಗೆ ಹೋದರೆ ಆ ವಿಟಮಿನ್ನಿನಲ್ಲೊಂದು ಪಾಲು ದನಕ್ಕೆ. ಪೇಜ್ ಕುಡಿಯುವವರಿಗೆ ಆ ನಷ್ಟವಿಲ್ಲ.

ಒಂದು ದಿನದ ಲೆಕ್ಕದಿಂದ ಒಬ್ಬರ ಊಟದ ರೂಢಿ ತಿಳಿಯುವುದಿಲ್ಲ. ಕನಿಷ್ಠ ಮೂರು ದಿನ ಬೇಕು, ಅದರಲ್ಲೊಂದು ರಜೆಯದು. ಸೋಮವಾರ ಮೀನು ಮುಟ್ಟದ ಮನೆಗಳಿವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಭರ್ತಿ ಮಾಡಿದ ಫಾರಮಿನಲ್ಲಿ ಒಣಸಿಗಡಿಯೇ ಹೆಚ್ಚು, ನವೆಂಬರಿನದರಲ್ಲಿ ತಾಜಾ ತಾರ್ಲೆ (ಬೂತಾಯಿ ಮೀನು). ಅದಕ್ಕೇ ಫಾರಮಿನಲ್ಲಿ ಹೆಸರಿಗಿಂತ ಮೊದಲು ವಾರ, ತಿಂಗಳು ಬರೆಸುತ್ತಿದ್ದರು.