ಗಾಳಿ ಜೋರಿದ್ದರೆ ಕ್ಲಾಸ್ ಇರುತ್ತಾ?

ಕೆಲಸ ಬಿಟ್ಟು ಹಾಯಿದೋಣಿಯಲ್ಲೇ ಸಂಸಾರ ಹೂಡೋಣ ಅಂತ ನಾನೂ ನಮ್ಮ ಯಜಮಾನರೂ ತೀರ್ಮಾನಿಸಿದಾಗ ಎಲ್ಲರೂ ಕೇಳಿದ್ದು ಒಂದೇ, ಯಾವ ದೋಣಿ ಕೊಳ್ತೀರಿ? ನಮ್ಮ ತಲೆನೋವೇ ಬೇರೆ ಇತ್ತು. ಇಬ್ಬರಿಗೂ ದೋಣಿ ನಡೆಸಲು ಬರುತ್ತಿರಲಿಲ್ಲ. ಎಲ್ಲಿ ಕಲಿಯೋದು, ಎಷ್ಟು ಕಲಿತರೆ ಸಾಕು?

ಕೋರ್ಸುಗಳ ಪಟ್ಟಿ ನೋಡಿದರೆ ತಲೆ ಗಿರ್ ಅನ್ನುತ್ತದೆ. ಅಮೆರಿಕದ ಎಎಸ್‌ಎ (ಅಮೆರಿಕನ್ ಸೈಲಿಂಗ್ ಅಸೋಸಿಯೇಷನ್) ಪದ್ಧತಿಯಲ್ಲಿ 101, 103, 104 ಅಂತ ನಂಬರುಗಳು. 101ರಲ್ಲಿ ಚಿಕ್ಕ ದೋಣಿಯಲ್ಲಿ ಹಾಯಿ ಹಿಡಿಯೋದು, 104 ಮುಗಿಸಿದರೆ ದೋಣಿ ಬಾಡಿಗೆಗೆ ಪಡೆದು ನಾವೇ ಕೆಲವು ದಿನ ಸುತ್ತಿ ಬರುವಷ್ಟು. ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಪದ್ಧತಿಯಲ್ಲಿ ಕಾಂಪಿಟೆಂಟ್ ಕ್ರೂ ಅಂದರೆ ದೋಣಿಯ ಸಹಾಯಕರು, ಡೇ ಸ್ಕಿಪ್ಪರ್ ಅಂದರೆ ಹಗಲಲ್ಲಿ ದೋಣಿ ನಡೆಸುವವರು, ಹೀಗೆ ಮೇಲಕ್ಕೆ ಯಾಟ್‌ಮಾಸ್ಟರ್ ತನಕ. ಡೇ ಸ್ಕಿಪ್ಪರ್ ಪ್ರಾಕ್ಟಿಕಲ್‌ಗೆ ಬರುವ ಮೊದಲೇ 5 ದಿನ, 100 ಮೈಲಿ, ರಾತ್ರಿ ಹೊತ್ತು 4 ಗಂಟೆ ದೋಣಿಯಲ್ಲಿ ಕಳೆದಿರಬೇಕು ಅನ್ನುತ್ತಾರೆ. ಯಾಟ್‌ಮಾಸ್ಟರ್ ಆಫ್‌ಶೋರ್ ಪರೀಕ್ಷೆಗೆ 50 ದಿನ, 2,500 ಮೈಲಿ. ಈ ಲೆಕ್ಕ ನನಗೆ ಹಿಡಿಸಿತು. ಸರ್ಟಿಫಿಕೇಟಿಗಿಂತ ನೀರಿನ ಮೇಲೆ ಕಳೆದ ಹೊತ್ತಿಗೆ ಬೆಲೆ ಜಾಸ್ತಿ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ವಾ?

ಆಮೇಲೆ ಶಾಲೆಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದೆ. ಒಂದು ದೋಣಿಗೆ ಎಷ್ಟು ಜನ ವಿದ್ಯಾರ್ಥಿಗಳು ಅಂತ ಮೊದಲು ಕೇಳುತ್ತಿದ್ದೆ. ಚುಕ್ಕಾಣಿ ಇರುವುದು ಒಂದೇ, ಉಳಿದವರು ಸುಮ್ನೆ ಕೂತಿರಬೇಕಾಗುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ: ಗಾಳಿ ಜೋರಿದ್ದರೆ ಕ್ಲಾಸ್ ಇರುತ್ತಾ? ಒಂದು ಕಡೆ, "ಚಿಂತೆ ಬೇಡ, ಗಾಳಿ ಎದ್ದರೆ ರದ್ದು ಮಾಡ್ತೀವಿ" ಅಂದರು. ಇನ್ನೊಂದು ಕಡೆ ಫೋನ್ ಎತ್ತಿದವರು ಒಂದು ಕ್ಷಣ ಸುಮ್ಮನಿದ್ದು, "ಬಿರುಗಾಳಿ ಮುನ್ಸೂಚನೆ ಇದ್ದರೆ ಹೊರಡಲ್ಲ. ಅದಕ್ಕಿಂತ ಕಮ್ಮಿ ಇದ್ದರೆ ಹಾಯಿ ಕಿರಿದು ಮಾಡೋದು ಕಲಿಸೋಕೆ ಅದೇ ಒಳ್ಳೇ ದಿನ" ಅಂದರು. ಅಲ್ಲೇ ಸೇರಿದೆವು.

ಸೇರಿದ್ದು ಒಂದೇ ಶಾಲೆಗೆ, ಆದರೆ ಬೇರೆ ಬೇರೆ ವಾರ. ಇದು ನನ್ನ ಹಟ. ಗಂಡ ಹೆಂಡತಿ ಒಟ್ಟಿಗೆ ಕಲಿಯಲು ಹೋದರೆ ಧೈರ್ಯ ಜಾಸ್ತಿ ಇರುವವರು ಚುಕ್ಕಾಣಿ ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಸುತ್ತಿಡುತ್ತಾರೆ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರೆ ಎತ್ತಿಕೊಳ್ಳಲು ಉಳಿಯುವುದು ಇನ್ನೊಬ್ಬರು ಮಾತ್ರ. ಆ ಇನ್ನೊಬ್ಬರಿಗೆ ಹಗ್ಗ ಸುತ್ತೋದಷ್ಟೇ ಬಂದರೆ? ಇವರು ಮೊದಲು ಮುಖ ಸಣ್ಣ ಮಾಡಿದರು, ಆಮೇಲೆ ಒಪ್ಪಿದರು.

ವಾರವಿಡೀ ದೋಣಿಯಲ್ಲೇ ವಾಸ. ಹಾಯಿ ಎತ್ತಿ ಓಡಿಸೋದು ಅಷ್ಟು ಕಷ್ಟ ಅನ್ನಿಸಲಿಲ್ಲ. ಗಾಳಿ ತಪ್ಪಿದರೆ ಹಾಯಿಯೇ ಪಟಪಟ ಬಡಿದು ಹೇಳುತ್ತದೆ. ಕಲಿಯಬೇಕಾದ್ದೆಲ್ಲ ಹಾಯಿ ಇಳಿಸಿದ ಮೇಲೆ ಶುರುವಾಯಿತು.

ಒಂದು ಬೆಳಿಗ್ಗೆಯಿಡೀ ಜೆಟ್ಟಿಗೆ ದೋಣಿ ತರೋದು, ಬಿಡೋದು, ಮತ್ತೆ ತರೋದು. ಎಂಜಿನ್ ರಿವರ್ಸ್‌ಗೆ ಹಾಕಿದರೆ ದೋಣಿ ನೇರ ಹಿಂದಕ್ಕೆ ಬರುವುದಿಲ್ಲ. ಬಲಕ್ಕೆ ತಿರುಗುವ ಪ್ರೊಪೆಲರ್ ಇದ್ದರೆ ಹಿಂಭಾಗ ಎಡಕ್ಕೆ ಜಗ್ಗುತ್ತದೆ. ವೇಗ ತೀರಾ ಇಳಿದರೆ ಚುಕ್ಕಾಣಿಯ ಮಾತೂ ನಡೆಯುವುದಿಲ್ಲ. ಚುಕ್ಕಾಣಿಯ ಮೇಲೆ ನೀರು ಹರಿದರೆ ತಾನೇ ಅದಕ್ಕೆ ಬಲ? ಅಡ್ಡಗಾಳಿ ಬೇರೆ ಮೂತಿಯನ್ನು ತಳ್ಳುತ್ತಿತ್ತು. ಕಲಿಸುವಾಕೆ ಕೈ ಕಟ್ಟಿಕೊಂಡು ನಿಂತಿದ್ದರು. "ಎಡಕ್ಕೆ ಎಳೆಯುತ್ತೆ ಅಂತ ಗೊತ್ತಲ್ಲ, ಹಾಗಾದರೆ ಎಡಬದಿಯನ್ನೇ ಜೆಟ್ಟಿಗೆ ಕೊಡಿ" ಅಂದರು. ಕೊಟ್ಟೆ. ರಿವರ್ಸ್ ಹಾಕಿದಾಗ ದೋಣಿಯ ಹಿಂಭಾಗ ತಾನೇ ಒಳಗೆ ಸರಿದು ಜೆಟ್ಟಿಗೆ ಒರಗಿತು. ಅಷ್ಟು ಹೊತ್ತು ಕಾಟ ಕೊಟ್ಟಿದ್ದೇ ಕೆಲಸಕ್ಕೆ ಬಂದಿದ್ದು ನೋಡಿ ನಗು ಬಂತು.

ಮಧ್ಯಾಹ್ನ ಲಂಗರು. ಎಷ್ಟು ಉದ್ದ ಸರಪಳಿ ಬಿಡಬೇಕು ಅಂತ ಇಲ್ಲಿ ಲೆಕ್ಕ ಬೇಕು. ನೀರಿನ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಉಬ್ಬರದಲ್ಲಿ ನೀರು ಇನ್ನೂ 2 ಮೀಟರ್ ಏರುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 8. ಸರಪಳಿಯಾದರೆ ಅದರ ಐದು ಪಟ್ಟು, ಅಂದರೆ 40 ಮೀಟರ್ ಬಿಡಬೇಕು. ಹಗ್ಗವಾದರೆ ಏಳು ಪಟ್ಟಾದರೂ ಬೇಕು. ಉಬ್ಬರ ಮರೆತು ಲೆಕ್ಕ ಹಾಕಿದರೆ ನಡುರಾತ್ರಿ ದೋಣಿ ಹೊರಟಿರುತ್ತದೆ.

ಬಿಟ್ಟಾದ ಮೇಲೆ ಎಂಜಿನ್ ಮೆಲ್ಲಗೆ ಹಿಂದಕ್ಕೆ ಹಾಕಿ, ನನ್ನನ್ನು ಮೂತಿಗೆ ಕಳಿಸಿ, ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಡಲು ಹೇಳಿದರು. ಸರಪಳಿ ಎಳೆಯುವ ವಿಂಚಿನಿಂದ ದೂರ, ಬೆರಳು ಸುತ್ತದೆ, ಮೇಲಷ್ಟೇ. ತಣ್ಣಗಿನ ಕೆಸರು ಮೆತ್ತಿದ ಕಬ್ಬಿಣ. ಮೊದಲ ಸಲ ಅದು ಕಲ್ಲುದಾರಿಯಲ್ಲಿ ಎತ್ತಿನಗಾಡಿ ಹೋದ ಹಾಗೆ ಗಡಗಡ ನಡುಗಿತು. ಲಂಗರು ತಳದಲ್ಲಿ ಜಾರುತ್ತಿದೆ ಅಂತ ಅರ್ಥ. ಎತ್ತಿ, ಜಾಗ ಬದಲಿಸಿ, ಮತ್ತೆ ಬಿಟ್ಟೆವು. ಈ ಸಲ ಸರಪಳಿ ಬಿಗಿದು, ನೀರು ಹಿಂಡಿಕೊಂಡು, ಅಲ್ಲಾಡದೆ ನಿಂತಿತು. ದಡದ ಮೇಲೆ ಒಂದು ಮರ, ಅದರ ಹಿಂದೆ ಒಂದು ಕಂಬ. ಎರಡೂ ಒಂದೇ ಸಾಲಿನಲ್ಲೇ ಉಳಿದವು. ಅಂದರೆ ದೋಣಿ ಕದಲಿಲ್ಲ. ಪುಸ್ತಕದಲ್ಲಿ ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಅಂಗೈಗೆ ಗೊತ್ತಾದದ್ದು ಅವತ್ತು.

ದೋಣಿಯಲ್ಲೇ ಬಾಳುವವರು ವರ್ಷದ ಬಹುಪಾಲು ರಾತ್ರಿ ಕಳೆಯುವುದು ಲಂಗರಿನ ಮೇಲೆಯೇ. ಆದರೂ ಎಷ್ಟೋ ಕೋರ್ಸುಗಳಲ್ಲಿ ಅದಕ್ಕೆ ಸಿಗುವುದು ಒಂದೆರಡು ಗಂಟೆ. ರೇಸ್ ಓಡಿಸುವವರಿಗೆ ಬೇಕಾದದ್ದೇ ಬೇರೆ, ನಮಗೆ ಬೇಕಾದದ್ದೇ ಬೇರೆ. ಡಿಂಗಿಯಿಂದ, ಅಂದರೆ ಪುಟ್ಟ ಹಾಯಿದೋಣಿಯಿಂದ ಶುರು ಮಾಡಿ ಅಂತ ಹಿರಿಯರು ಹೇಳುವುದೂ ಸುಳ್ಳಲ್ಲ, ಗಾಳಿಯ ಗುಣ ಅದರಲ್ಲಿ ಬೇಗ ತಿಳಿಯುತ್ತದೆ. ಆದರೆ ಡಿಂಗಿಯಲ್ಲಿ ನಲವತ್ತು ಮೀಟರ್ ಸರಪಳಿ ಬಿಟ್ಟು ಮಲಗುವ ಅಭ್ಯಾಸ ಆಗುವುದಿಲ್ಲ.

ಮುಂದಿನ ವಾರ ಇವರು ಹೋಗಿ ಬಂದರು. ಈಗ ಊಟದ ಹೊತ್ತಿಗೆಲ್ಲ ಜಗಳ. ಗಾಳಿ ಏರುವ ಮೊದಲೇ ಹಾಯಿ ಕಿರಿದು ಮಾಡಬೇಕು ಅಂತ ನಾನು, ಇನ್ನೊಂಚೂರು ನೋಡೋಣ ಅಂತ ಇವರು. ಡೀಸೆಲ್ ಎಂಜಿನ್ ಕೋರ್ಸಿಗೆ ನನ್ನ ಹೆಸರು ಬರೆಸಿದ್ದೇನೆ. ಪ್ರಥಮ ಚಿಕಿತ್ಸೆ ಇವರದ್ದು, ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಪರೀಕ್ಷೆ ಇಬ್ಬರದ್ದೂ. ದೋಣಿ ಕೊಳ್ಳುವ ಮಾತು ಅದಾದ ಮೇಲೆ. ಅಲ್ಲಿಯ ತನಕ ಬೇರೆಯವರ ದೋಣಿಯಲ್ಲಿ ಸಹಾಯಕರಾಗಿ ರಾತ್ರಿ ಪಯಣ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದೇವೆ.