ಅಂಕಿ ನೆನಪಿನ ಪರೀಕ್ಷೆ: ಕನ್ನಡದಲ್ಲಿ ಐದಕ್ಕೆ ನಿಂತರೆ ಗಾಬರಿ ಬೇಡ

ಡಿಜಿಟ್ ಸ್ಪ್ಯಾನ್ ಪರೀಕ್ಷೆಗೆ ಸಲಕರಣೆ ಏನೂ ಬೇಡ. ಒಬ್ಬರು ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾರೆ, ಎದುರಿಗೆ ಕೂತವರು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ಎರಡೋ ಮೂರೋ ಅಂಕಿಯಿಂದ ಶುರು, ಆಮೇಲೆ ಒಂದೊಂದೇ ಅಂಕಿ ಹೆಚ್ಚು. ಪ್ರತಿ ಉದ್ದಕ್ಕೂ ಎರಡು ಸಾಲು. ಎರಡೂ ತಪ್ಪಿದರೆ ಅಲ್ಲಿಗೆ ಮುಗಿಯಿತು, ಸರಿಯಾಗಿ ಹೇಳಿದ ಅತಿ ಉದ್ದದ ಸಾಲಿನಲ್ಲಿ ಎಷ್ಟು ಅಂಕಿಯೋ ಅದೇ ಫಲಿತಾಂಶ. ಮಕ್ಕಳ ಬುದ್ಧಿಮಾಪನದಲ್ಲೂ ಇದು ಇದೆ, ಮರೆವಿನ ತಪಾಸಣೆಯಲ್ಲೂ ಇದೆ, ತಲೆಗೆ ಪೆಟ್ಟು ಬಿದ್ದವರನ್ನು ನೋಡುವಾಗಲೂ ಇದೆ. ಇಷ್ಟು ಸರಳವಾಗಿರುವುದರಿಂದ ಯಾರು ಬೇಕಾದರೂ ಮಾಡುತ್ತಾರೆ, ಹಾಗಾಗಿ ಸುಲಭವಾಗಿ ಕೆಡಿಸುತ್ತಾರೆ ಕೂಡ. ಕನ್ನಡದಲ್ಲಿ ಅಂಕಿ ಹೇಳಿಸಿ, ಬಂದ ಫಲಿತಾಂಶವನ್ನು ಇಂಗ್ಲಿಷ್ ಪುಸ್ತಕದ 'ಏಳು' ಎಂಬ ಸಂಖ್ಯೆಯ ಪಕ್ಕ ಇಟ್ಟು ನೋಡುವುದಂತೂ ದೊಡ್ಡ ತಪ್ಪು.

ಈ ಪರೀಕ್ಷೆಯನ್ನು 1887ರಲ್ಲಿ ಲಂಡನ್ನಿನ ಶಾಲಾಮಕ್ಕಳ ಮೇಲೆ ವ್ಯವಸ್ಥಿತವಾಗಿ ಮಾಡಿ ಪ್ರಕಟಿಸಿದವರು ಜೋಸೆಫ್ ಜೇಕಬ್ಸ್. (ಭಾರತದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿದ ಜೇಕಬ್ಸ್ ಇವರೇ.) ವಯಸ್ಸಿನ ಜೊತೆ ಸಾಲಿನ ಉದ್ದ ಏರುತ್ತದೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ನೆನಪಿನ ಮಿತಿಯ ಬಗ್ಗೆ 'ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ' ಎಂದು ಬರೆದ ಮೇಲೆ ಆ ಏಳು ಎಲ್ಲರ ಬಾಯಲ್ಲೂ ಉಳಿದುಕೊಂಡಿತು. ಮಿಲ್ಲರ್ ಹೇಳಿದ ಹೆಚ್ಚು ಉಪಯೋಗದ ಮಾತು ಬೇರೆ ಇತ್ತು: ನೆನಪು ಎಣಿಸುವುದು ಬಿಡಿ ಅಂಕಿಗಳನ್ನಲ್ಲ, ಗೊಂಚಲುಗಳನ್ನು, ಅಂದರೆ ಒಟ್ಟುಗೂಡಿಸಿ ಒಂದಾಗಿ ನೆನಪಿಟ್ಟುಕೊಳ್ಳುವ ಗುಂಪುಗಳನ್ನು. ಗೊಂಚಲು ಕಟ್ಟಲು ಆಸ್ಪದವೇ ಕೊಡದೆ ಅಳೆದರೆ ಸಿಗುವುದು ಸುಮಾರು ನಾಲ್ಕು ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು.

ಹಾಗಾದರೆ ಅಂಕಿಯಲ್ಲಿ ಮಾತ್ರ ಏಳರವರೆಗೆ ಹೋಗುವುದು ಹೇಗೆ? ಕೇಳಿದ್ದನ್ನು ನಾವು ಒಳಗೊಳಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳದಿದ್ದರೆ ಶಬ್ದದ ಗುರುತು ಬೇಗ ಮಾಸುತ್ತದೆ. ಒಂದು ಸುತ್ತು ಹೇಳಿ ಮುಗಿಸುವಷ್ಟರಲ್ಲಿ ಮೊದಲನೆಯದು ಮಾಸಿರಬಾರದು, ಅಷ್ಟುದ್ದದ ಸಾಲು ಮಾತ್ರ ಉಳಿಯುತ್ತದೆ. 1975ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ಇದನ್ನು ಲೆಕ್ಕಕ್ಕೆ ತಂದರು: ಒಬ್ಬರು ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಪದ ಹೇಳಬಲ್ಲರೋ ಹೆಚ್ಚುಕಡಿಮೆ ಅಷ್ಟೇ ಅವರ ನೆನಪಿನಲ್ಲಿ ನಿಲ್ಲುತ್ತದೆ. ಚಿಕ್ಕ ಪದಗಳಾದರೆ ಹೆಚ್ಚು, ಉದ್ದ ಪದಗಳಾದರೆ ಕಡಿಮೆ.

ಇದು ಭಾಷೆಯ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದ್ದು ವೇಲ್ಸ್ ಪ್ರಾಂತ್ಯದ ಮಕ್ಕಳ ಪ್ರಕರಣ. ವೆಲ್ಷ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟ ಮಕ್ಕಳ ಅಂಕಿ ನೆನಪು ಅಮೆರಿಕದ ಮಕ್ಕಳಿಗಿಂತ ಕಡಿಮೆ ಬರುತ್ತಿತ್ತು. 1980ರಲ್ಲಿ ಎಲಿಸ್ ಮತ್ತು ಹೆನ್ನೆಲಿ ಎರಡೂ ಭಾಷೆ ಬಲ್ಲವರನ್ನೇ ಕೂರಿಸಿ ನೋಡಿದರು. ಅದೇ ವ್ಯಕ್ತಿ, ಇಂಗ್ಲಿಷಿನಲ್ಲಿ ಹೆಚ್ಚು, ವೆಲ್ಷ್‌ನಲ್ಲಿ ಕಡಿಮೆ. ಬಾಯಿಗೆ ಬೇರೆ ಕೆಲಸ ಕೊಟ್ಟು ಒಳಗೊಳಗೇ ಹೇಳಿಕೊಳ್ಳುವುದನ್ನು ತಡೆದಾಗ ಆ ವ್ಯತ್ಯಾಸವೂ ಹೋಯಿತು. ತಮಾಷೆ ಎಂದರೆ ಒಂದರಿಂದ ಒಂಬತ್ತರವರೆಗೆ ಇಂಗ್ಲಿಷಿನಲ್ಲೂ ಹತ್ತೇ ಉಚ್ಚಾರಾಂಶ, ವೆಲ್ಷ್‌ನಲ್ಲೂ ಹತ್ತೇ. ಆದರೆ ವೆಲ್ಷ್ ಸ್ವರಗಳು ದೀರ್ಘ, ಹೇಳಲು ಹೆಚ್ಚು ಹೊತ್ತು ಬೇಕು. ಉಚ್ಚಾರಾಂಶದ ಎಣಿಕೆಗಿಂತ ಮುಖ್ಯವಾದದ್ದು ಕಾಲ.

ಉಚ್ಚಾರಣೆಯ ಕಾಲ ಅಳೆಯುವ ಅಳತೆ ನಮ್ಮ ಛಂದಸ್ಸಿನಲ್ಲಿ ಸಿದ್ಧವಾಗಿಯೇ ಇದೆಯಲ್ಲ, ಪ್ರಸ್ತಾರ ಹಾಕಿ ನೋಡಿ. ಒಂದು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಎಲ್ಲವೂ ಒಂದು ಗುರು ಒಂದು ಲಘು, ಅಂದರೆ ಮೂರು ಮಾತ್ರೆ. ಎರಡು ಎಂಬುದು ಮೂರು ಲಘು, ಮತ್ತೆ ಮೂರೇ ಮಾತ್ರೆ. ಸೊನ್ನೆಯೂ ಮೂರು. ಒಂಬತ್ತು ಒಂದೇ ಐದು ಮಾತ್ರೆ. ಉಚ್ಚಾರಾಂಶದಲ್ಲಿ ಎಣಿಸಿದರೆ ಒಂದರಿಂದ ಒಂಬತ್ತರವರೆಗೆ ಇಂಗ್ಲಿಷಿನ ಹತ್ತರ ಎದುರು ಕನ್ನಡದ್ದು ಇಪ್ಪತ್ತು. ಆಡುಮಾತಿನಲ್ಲಿ 'ನಾಕು', 'ಎರ್ಡು' ಎಂದು ಮೊಟಕಾಗುತ್ತವೆ ನಿಜ, ಆದರೂ 'ಟೂ', 'ಸಿಕ್ಸ್' ಎಂಬಷ್ಟು ಚಿಕ್ಕದಾಗುವುದಿಲ್ಲ. ನಾಲ್ಕು ಭಾಷೆಗಳನ್ನು ಹೋಲಿಸಿದ 1986ರ ನವೆ-ಬೆಂಜಮಿನ್ ಮತ್ತು ಏರ್ಸ್ ಅಧ್ಯಯನದಲ್ಲಿ ಇಂಗ್ಲಿಷಿನವರಿಗೆ ಸರಾಸರಿ 7.21, ಹೀಬ್ರೂ 6.51, ಸ್ಪ್ಯಾನಿಷ್ 6.37, ಅರಬ್ಬಿ 5.77 ಬಂದಿತ್ತು. ಅಂಕಿಯ ಹೆಸರು ಉದ್ದವಾದಂತೆ ಸಾಲು ಗಿಡ್ಡವಾಗಿದೆ. ಆದ್ದರಿಂದ ಕನ್ನಡದಲ್ಲಿ ಹೇಳಿಸಿದಾಗ ಐದೋ ಆರೋ ಬಂದರೆ ಅದು ಕೊರತೆ ಎಂದು ಬರೆಯುವ ಮೊದಲು, ಕನ್ನಡದಲ್ಲೇ ಅದೇ ವಯಸ್ಸಿನ, ಅಷ್ಟೇ ಓದಿರುವ ಇತರರಿಗೆ ಎಷ್ಟು ಬರುತ್ತದೆ ಎಂದು ನೋಡಲೇಬೇಕು.

ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ಹಾಳೆಯಲ್ಲಿ 50 ಅಂಕಿಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಬರೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ತೊದಲದೆ ಆದಷ್ಟು ಬೇಗ, ಗಟ್ಟಿಯಾಗಿ ಕನ್ನಡದಲ್ಲಿ ಓದಿ. ಆಮೇಲೆ ಇಂಗ್ಲಿಷಿನಲ್ಲಿ. ಉದಾಹರಣೆಗೆ ಕನ್ನಡಕ್ಕೆ 20 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಎರಡೂವರೆ, ಎರಡು ಸೆಕೆಂಡಿಗೆ ಐದು. ಇಂಗ್ಲಿಷಿಗೆ 15 ಹಿಡಿದರೆ ಎರಡು ಸೆಕೆಂಡಿಗೆ ಆರೂ ಮುಕ್ಕಾಲಿನ ಹತ್ತಿರ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಈ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಕನ್ನಡದ ಅಂಕಿಗಳು ಅವರ ನಾಲಿಗೆಗೆ ರೂಢಿಯಿಲ್ಲ.

ರೂಢಿಯ ಮಾತು ಬಂದದ್ದರಿಂದ ಒಂದು ತಕರಾರನ್ನೂ ಹೇಳಬೇಕು. ಎರಡು ಸೆಕೆಂಡಿನ ಲೆಕ್ಕ ಚೆಂದ, ಆದರೆ ಪೂರ್ತಿ ಅಲ್ಲ. ಒಂದೇ ಉಚ್ಚಾರಾಂಶ ಸಂಖ್ಯೆಯ ಬೇರೆ ಪದಗಳನ್ನು ಆರಿಸಿಕೊಂಡಾಗ ಉದ್ದದ ಪರಿಣಾಮ ಕಾಣಿಸದ ಪ್ರಯೋಗಗಳೂ ಇವೆ. 2015ರಲ್ಲಿ ಜೋನ್ಸ್ ಮತ್ತು ಮ್ಯಾಕನ್ ಇನ್ನೂ ಮುಂದೆ ಹೋದರು: ಅಂಕಿಗಳು ಬೇರೆ ಪದಗಳಿಗಿಂತ ಹೆಚ್ಚು ನೆನಪಿರುವುದಕ್ಕೆ ಕಾರಣ, ಅಂಕಿ ಅಂಕಿಯ ಪಕ್ಕ ಬರುವುದನ್ನು ನಾವು ಜೀವಮಾನವಿಡೀ ಕೇಳಿರುವುದೇ ಎಂದರು. ಇದನ್ನು ಒಪ್ಪಿದರೆ ಕನ್ನಡಿಗರ ವಿಷಯ ಇನ್ನಷ್ಟು ಸಿಕ್ಕು. ಮನೆಯಲ್ಲಿ ಶುದ್ಧ ಕನ್ನಡ ಮಾತಾಡುವವರೂ ಫೋನ್ ನಂಬರ್ ಕೇಳಿದರೆ 'ನೈನ್ ಎಯ್ಟ್ ಡಬಲ್ ಫೋರ್' ಅನ್ನುತ್ತಾರೆ. ಬಿಡಿ ಅಂಕಿಗಳ ಸಾಲು ಅವರ ಕಿವಿಗೆ ಬಿದ್ದಿರುವುದೇ ಇಂಗ್ಲಿಷಿನಲ್ಲಿ. ನನ್ನ ಪ್ರಕಾರ ಎರಡೂ ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ, ಎರಡೂ ಕನ್ನಡದ ಫಲಿತಾಂಶವನ್ನು ಕೆಳಕ್ಕೇ ಎಳೆಯುತ್ತವೆ. ಹಾಗಾಗಿ ಮಾತೃಭಾಷೆ ಯಾವುದು ಎಂದು ಕೇಳಿ ಸುಮ್ಮನಾಗದೆ 'ಫೋನ್ ನಂಬರ್ ಯಾವ ಭಾಷೆಯಲ್ಲಿ ಹೇಳ್ತೀರಿ?' ಎಂದೂ ಕೇಳಿ.

ಇನ್ನು ಪರೀಕ್ಷೆ ಮಾಡುವ ಕ್ರಮ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಸಾಲುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಾಯಿಗೆ ಬಂದಂತೆ ಹೇಳಬೇಡಿ. ಒಂದು ಸಾಲಿನಲ್ಲಿ ಒಂದೇ ಅಂಕಿ ಎರಡು ಸಲ ಬೇಡ. 4-5-6 ಎಂಬಂಥ ಏರಿಕೆ, 8-6-4 ಎಂಬಂಥ ಇಳಿಕೆ, 1947 ಥರದ ಇಸವಿ, ಊರಿನ ಎಸ್‌ಟಿಡಿ ಕೋಡ್ ಬೇಡ, ಇವೆಲ್ಲ ಸಿದ್ಧ ಗೊಂಚಲುಗಳು. ಒಂದೇ ಉದ್ದದ ಎರಡು ಸಾಲುಗಳಲ್ಲಿ ಒಂಬತ್ತು ಇದ್ದರೆ ಎರಡರಲ್ಲೂ ಇರಲಿ, ಇಲ್ಲದಿದ್ದರೆ ಎರಡರಲ್ಲೂ ಬೇಡ. ಇಲ್ಲವಾದರೆ ಒಂದು ಸಾಲಿಗೆ ಎರಡು ಮಾತ್ರೆ ಹೆಚ್ಚಾಗುತ್ತದೆ. ಮೂರು ಮತ್ತು ಆರನ್ನು ಅಕ್ಕಪಕ್ಕ ಇಡಬೇಡಿ. ಒಂದೇ ಥರ ಕೇಳಿಸುವ ಅಕ್ಷರಗಳು ಕಣ್ಣಿನಿಂದ ಓದಿದಾಗಲೂ ನೆನಪಿನಲ್ಲಿ ಅದಲುಬದಲಾಗುತ್ತವೆ ಎಂದು 1964ರಲ್ಲಿ ಕಾನ್ರಾಡ್ ತೋರಿಸಿದ್ದರು, ಮೂರು-ಆರು ಅಂಥ ಜೋಡಿ. ಒಂದು ಸಾಲನ್ನು ಒಬ್ಬರಿಗೆ ಎರಡನೇ ಸಲ ಹೇಳಲೇಬೇಡಿ. ಅದೇ ಸಾಲು ಮಧ್ಯೆ ಮಧ್ಯೆ ಮರಳಿ ಬಂದರೆ, ಗಮನಕ್ಕೆ ಬಾರದಿದ್ದರೂ ಅದರಲ್ಲಿ ಮಾತ್ರ ಅಂಕ ಏರುತ್ತಾ ಹೋಗುತ್ತದೆ, ಇದು 1961ರಲ್ಲೇ ಡೊನಾಲ್ಡ್ ಹೆಬ್ ಕಂಡದ್ದು.

ಹೇಳುವ ವೇಗ ಸೆಕೆಂಡಿಗೆ ಒಂದು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತಾ ಅಭ್ಯಾಸ ಮಾಡಿ. ಅಭ್ಯಾಸ ಇಲ್ಲದವರು ಸಾಲು ಉದ್ದವಾದಂತೆ ಓಡಿಸುತ್ತಾರೆ. ಎರಡನೇ ಕಾಯಿಲೆ ರಾಗ: 'ನಾಲ್ಕು ಏಳು ಎರಡು… ಎಂಟು ಒಂದು ಐದು' ಎಂದು ಮೂರು ಮೂರಕ್ಕೆ ಉಸಿರು ಬಿಟ್ಟರೆ ನೀವೇ ಗೊಂಚಲು ಕಟ್ಟಿಕೊಟ್ಟಂತೆ. ಮೂರರ ಗೊಂಚಲು ನೆನಪಿಗೆ ಎಲ್ಲಕ್ಕಿಂತ ಅನುಕೂಲ ಎಂಬುದು ವಿಕೆಲ್‌ಗ್ರೆನ್ ಅವರ 1964ರ ಫಲಿತಾಂಶ. (ಆರಂಕಿಯ ಓಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳುವಾಗ ಈ ರಾಗವೇ ಬೇಕು, ಮೂರು ಹೇಳಿ, ತಡೆದು, ಮತ್ತೆ ಮೂರು. ಪರೀಕ್ಷೆಯಲ್ಲಿ ಬೇಡ.) ಕೊನೆಯ ಅಂಕಿಗೆ ಮಾತ್ರ ದನಿ ತುಸು ಇಳಿಸಿ, ಸಾಲು ಮುಗಿಯಿತೆಂದು ಗೊತ್ತಾಗಲಿ. ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಹೆಚ್ಚಿನವರು ಅಭ್ಯಾಸಬಲದಿಂದ 'ಹೂಂ, ಹೇಳಿ' ಅನ್ನುತ್ತಾರೆ. ಕ್ರೌಡರ್ ಮತ್ತು ಮಾರ್ಟನ್ 1969ರಲ್ಲಿ ವಿವರಿಸಿದಂತೆ, ಸಾಲಿನ ಬೆನ್ನಿಗೇ ಬರುವ ಒಂದು ಅನವಶ್ಯಕ ಪದ, ಅದನ್ನು ನೆನಪಿಡಬೇಕಾಗಿಲ್ಲ ಎಂದು ಮೊದಲೇ ತಿಳಿದಿದ್ದರೂ, ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವ ಕೊನೆಯ ಅಂಕಿಯನ್ನು ಒರೆಸಿಬಿಡುತ್ತದೆ. ಕೈಸನ್ನೆ ಸಾಕು.

ವಯಸ್ಸಾದವರಾದರೆ ಮೊದಲು ಕಿವಿ ಕೇಳಿಸುತ್ತದೆಯೇ ನೋಡಿ: ಬಿಡಿ ಅಂಕಿಗಳನ್ನು ಒಂದೊಂದಾಗಿ ಹೇಳಿ, ಕೂಡಲೇ ತಿರುಗಿ ಹೇಳಿಸಿ. ಏಳನ್ನು ಐದು ಎಂದು ಕೇಳಿಸಿಕೊಂಡವರ ನೆನಪನ್ನು ದೂರಿ ಉಪಯೋಗವಿಲ್ಲ. ಶಾಲೆಗೆ ಹೋಗದವರಲ್ಲಿ ಅಂಕಿ ಸಾಲು ಗಿಡ್ಡ ಬರುವುದು ಸಾಮಾನ್ಯ, ಹಿಂದುಮುಂದಾಗಿ, ಅಂದರೆ ಕೊನೆಯ ಅಂಕಿಯಿಂದ ಮೊದಲಿನದಕ್ಕೆ, ಹೇಳಿಸುವುದಂತೂ ಅವರಿಗೆ ಅಪರಿಚಿತ ಆಟ. ಅಂಥವರಿಗೆ ಎರಡಂಕಿಯಿಂದ, ಉದಾಹರಣೆ ತೋರಿಸಿ ಶುರುಮಾಡಿ. ಇಲ್ಲಿ ಇನ್ನೊಂದು ಎಚ್ಚರ: ನೇರ ಸಾಲು ಮತ್ತು ತಿರುಗುಮುರುಗು ಸಾಲು ಒಂದೇ ಅಲ್ಲ. ತಿರುಗುಮುರುಗು ಹೇಳಲು ಅಂಕಿಗಳನ್ನು ಹಿಡಿದಿಟ್ಟುಕೊಂಡೇ ಕ್ರಮ ಬದಲಿಸಬೇಕು, ಅದು ಗಮನದ ಕೆಲಸ. ಸಾಮಾನ್ಯವಾಗಿ ಒಂದೆರಡು ಅಂಕಿ ಕಡಿಮೆಯೇ ಬರುತ್ತದೆ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಬರೆದರೆ ಎಡವಿದ್ದೆಲ್ಲಿ ಎಂಬುದೇ ಮುಚ್ಚಿಹೋಗುತ್ತದೆ.

'ಅಭ್ಯಾಸ ಮಾಡಿಸಿದರೆ ಮಗುವಿನ ನೆನಪಿನ ಶಕ್ತಿ ಹೆಚ್ಚುತ್ತದೆಯೇ?' ಎಂದು ಕೇಳುವ ಪೋಷಕರು ಬಹಳ. ಸಾಲು ಖಂಡಿತ ಉದ್ದವಾಗುತ್ತದೆ. 1980ರಲ್ಲಿ ಎರಿಕ್ಸನ್, ಚೇಸ್ ಮತ್ತು ಫಲೂನ್ ವರದಿ ಮಾಡಿದ ಎಸ್.ಎಫ್. ಎಂಬ ವಿದ್ಯಾರ್ಥಿ ಏಳರಿಂದ ಶುರುಮಾಡಿ, 230ಕ್ಕೂ ಹೆಚ್ಚು ಗಂಟೆ ಅಭ್ಯಾಸದ ನಂತರ 79 ಅಂಕಿ ಹೇಳಿದ. ಅವನು ಓಟಗಾರ. 3492 ಕೇಳಿದರೆ 'ಮೂರು ನಿಮಿಷ 49.2 ಸೆಕೆಂಡ್, ಒಂದು ಮೈಲಿ ಓಟದ ವಿಶ್ವದಾಖಲೆಗೆ ಹತ್ತಿರ' ಎಂದು ಕಟ್ಟಿಕೊಳ್ಳುತ್ತಿದ್ದ. ಅಂಕಿಗೆ ಬದಲು ಅಕ್ಷರ ಕೊಟ್ಟ ಕೂಡಲೇ ಅವನ ಸಾಲು ಆರರ ಆಸುಪಾಸಿಗೆ ಇಳಿಯಿತು. ಹೆಚ್ಚಿದ್ದು ಓಟದ ಸಮಯಗಳ ಜೊತೆ ಅಂಕಿಯನ್ನು ಬೆಸೆಯುವ ಕೌಶಲ ಮಾತ್ರ.

ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್ ವಿಷಯದಲ್ಲಿ ಇದೇ ವಾದ ಜೋರಾಗಿ ನಡೆದಿತ್ತು. 1981ರಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ನೆನಪಿನಿಂದ ಹೇಳಿ ಗಿನ್ನೆಸ್ ದಾಖಲೆ ಮಾಡಿದವರು ಅವರು. ಅವರ ಮೂಲ ಸಾಮರ್ಥ್ಯವೇ ಹುಟ್ಟಿನಿಂದ ಹೆಚ್ಚು ಎಂದು 1993ರಲ್ಲಿ ಥಾಂಪ್ಸನ್, ಕೋವನ್ (ಮೇಲೆ ಹೇಳಿದ ಕೋವನ್ ಅಲ್ಲ) ಮತ್ತು ಫ್ರೀಮನ್ ಬರೆದರು. 2004ರಲ್ಲಿ ಎರಿಕ್ಸನ್ ತಂಡ ಮತ್ತೆ ಪರೀಕ್ಷಿಸಿತು, ರಾಜನ್ ಕೂಡ ಆ ಲೇಖನದ ಲೇಖಕರಲ್ಲೊಬ್ಬರು. ಅಂಕಿಗೆ ಬದಲು ಅಪರಿಚಿತ ಚಿಹ್ನೆಗಳನ್ನು ಕೊಟ್ಟಾಗ ಮೊದಲಿಗೆ ಸುಮಾರು ಆರಕ್ಕೇ ನಿಂತರು, ಕಾಲೇಜು ವಿದ್ಯಾರ್ಥಿಗಳ ಮಟ್ಟವೂ ಅದೇ. ಪೈ ಕಂಠಪಾಠಕ್ಕೆ ಸುಮಾರು ಸಾವಿರ ಗಂಟೆ ಹಾಕಿದ್ದರಿಂದ ಬಂದದ್ದು ಈ ಶಕ್ತಿ ಎಂಬುದು ಆ ತಂಡದ ತೀರ್ಮಾನ. ಚಿಹ್ನೆಗಳ ಸಾಕ್ಷ್ಯ ನೋಡಿದರೆ ನನಗೂ ಎರಡನೇ ವಾದವೇ ಗಟ್ಟಿ ಎನಿಸುತ್ತದೆ. ಮಕ್ಕಳಿಗೆ ಅಂಕಿ ಉರುಹೊಡೆಸುವ 'ಮೆಮೊರಿ ತರಬೇತಿ'ಗೆ ದುಡ್ಡು ಕಟ್ಟುವ ಮೊದಲು ಈ ಎರಡು ಪ್ರಕರಣ ನೋಡಿಕೊಳ್ಳಿ.

ಫಲಿತಾಂಶದ ಹಾಳೆಯಲ್ಲಿ ಅಂಕ ಒಂದನ್ನೇ ಬರೆದು ಮುಗಿಸಬೇಡಿ. ಅಂಕಿ ಹೇಳಿದ ಭಾಷೆ, ಉತ್ತರ ಬಂದ ಭಾಷೆ (ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವವರು ಬೇಕಾದಷ್ಟು ಜನ), ಓದಿದ ತರಗತಿ, ಮಾಧ್ಯಮ, ಶ್ರವಣ ಸಾಧನ ಇದ್ದರೆ ಅದನ್ನು ಹಾಕಿಕೊಂಡಿದ್ದರೇ, ನೇರ ಎಷ್ಟು, ತಿರುಗುಮುರುಗು ಎಷ್ಟು, ಇಷ್ಟೂ ಬೇಕು. ತಪ್ಪಿದ ಸಾಲುಗಳಲ್ಲಿ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ: ಅಂಕಿಗಳೆಲ್ಲ ಇದ್ದು ಕ್ರಮ ಮಾತ್ರ ಕೆಟ್ಟಿರುವುದು ಬೇರೆ, ಅಂಕಿಯೇ ಬಿಟ್ಟುಹೋಗಿರುವುದು ಬೇರೆ, ಹಿಂದಿನ ಸಾಲಿನ ಅಂಕಿ ಈ ಸಾಲಿಗೆ ನುಸುಳಿರುವುದು ಬೇರೆ. ಮುಂದೆ ನೋಡುವ ವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ 'ಐದು' ಎಂಬ ಅಂಕಕ್ಕಿಂತ ಈ ತಪ್ಪುಗಳಿಂದಲೇ ಹೆಚ್ಚು ತಿಳಿಯುತ್ತದೆ.